ಮೈಸೂರಿನ ಪ್ರಜಾಸಭೆಗಳಲ್ಲಿ ಋಣ, ವೇತನ, ವ್ಯಯಗಳ ಪ್ರಶ್ನೆ

೧

ರಾಜ್ಯದ ಬೊಕ್ಕಸವು ಯಾರ ದುಡಿಮೆಯಿಂದ ತುಂಬುವುದೋ ಅವರಿಗೆ ಅದರ ವೆಚ್ಚವನ್ನು ಕುರಿತು ಪ್ರಶ್ನಿಸುವ ಅಧಿಕಾರವುಂಟೆ ಎಂಬುದು ರಾಜನೀತಿಯಲ್ಲಿ ಬಹು ಹಳೆಯದಾದ ವಿವಾದ. ಆಯವ್ಯಯಗಳನ್ನು ಪರೀಕ್ಷಿಸಬೇಕೆಂಬ ಬುದ್ಧಿಯೇನೋ ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಕ್ಷಪಟಲವೆಂಬ ಲೆಕ್ಕದ ಕಚೇರಿಯ ವಿಧಾನವು ಸವಿಸ್ತಾರವಾಗಿ ಹೇಳಲ್ಪಟ್ಟಿದೆ. ಅಧಿಕಾರಿಗಳು ಆಷಾಢಮಾಸದಲ್ಲಿ ತಮ್ಮ ಲೆಕ್ಕಗಳನ್ನು ತಂದೊಪ್ಪಿಸಬೇಕು, ಆಯ, ವ್ಯಯ, ಶಿಲ್ಕುಗಳು ಒಂದಕ್ಕೊಂದು ಹೊಂದಬೇಕು, ಹೊಂದದಿದ್ದರೆ ದಂಡವುಂಟು. ರಾಜದ್ರವ್ಯವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಗ್ರಂಥಕಾರನು ಎಣಿಸಿ ಹೇಳಿರುವನು. ಐದನೆಯ ಅಧಿಕರಣದಲ್ಲಿ ಭೃತ್ಯರ ಭರಣಕ್ಕೆ ರಾಜ್ಯದ ಆದಾಯದ ನಾಲ್ಕನೆಯ ಒಂದು ಪಾಲನ್ನು ಮಿತಿಯಾಗಿ ಸೂಚಿಸಿ, ಮಂತ್ರಿ, ಪುರೋಹಿತ, ಸೇನಾಪತಿ ಮೊದಲಾದವರಿಗೆ ೪೮,೦೦೦ ಪಣಗಳಿಂದ ಹಿಡಿದು ಕೆಳಗಣ ಪರಿಚಾರಕರಿಗೆ ೬೦ ಪಣಗಳವರೆಗೆ ವೇತನದ ತರತಮವನ್ನು ಗೊತ್ತುಮಾಡಿದೆ. ಮೇಲಣ ವೇತನವು ಕೆಳಗಣದಕ್ಕಿಂತ ೮೦೦ ಪಟ್ಟು ಅಧಿಕವಾಯಿತು. ಋಣದ ವಿಷಯದಲ್ಲಿಯೂ ಶಾಸ್ತ್ರವು ಸುಮ್ಮನಿಲ್ಲ. ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣವು ಧರ್ಮ್ಯವಾದ ವೃದ್ಧಿಯೆಂದೂ, ಒಮ್ಮೆಗೆ ಸಲ್ಲಿಸುವ ಬಡ್ಡಿಯು ಅಸಲಿನೊಡನೆ ಸೇರಿ ಮೂಲಧನದ ಇಮ್ಮಡಿಯನ್ನು ಮೀರಕೂಡದೆಂದೂ ಧರ್ಮಶಾಸ್ತ್ರಕಾರರು ವಿಧಿಸಿರುವರು. ಈ ಎರಡನೆಯ ನಿಯಮವೇ ಮುಂದೆ ವ್ಯವಹಾರದಲ್ಲಿ ದಾಮದುಪ್ಪಟ್ಟೆಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಆದರೆ ಈ ಎಲ್ಲ ವಿಧಾನದಲ್ಲಿಯೂ ಒಂದು ಸ್ಥಾನವು ಬರಿದಾಗಿಯೇ ಉಳಿದಿದೆ. ಲೆಕ್ಕವನ್ನು ಕೇಳುವವನು ಅರಸು, ಹೇಳುವವನು ಅಧಿಕಾರಿ. ತೆರಿಗೆಯನ್ನು ತೆತ್ತವನು ಆ ಸ್ಥಳದಲ್ಲಿ ಇಲ್ಲ. ಪ್ರಜೆಗಳ ಹಿತದಲ್ಲಿಯೇ ಅರಸನ ಹಿತವೆಂದು ಶಾಸ್ತ್ರವು ಒಪ್ಪಿದರೂ, ಆ ಹಿತವು ಯಾವುದೆಂಬುದನ್ನು ಪ್ರಜೆಗಳ ಬಾಯಿಂದಲೇ ಕೇಳಿ ತಿಳಿಯುವ ನಿಯತವಾದ ಸಭೆಯೊಂದನ್ನು ಅದು ಕಲ್ಪಿಸಲಿಲ್ಲ. ಈ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯಕೋಶಾಗಾರದ ತಾಳೆಯೋಲೆಯಿಂದ ಶೋಧಿಸಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟರು. ಅದೇ ಕಾಲಕ್ಕೆ ಅದೇ ಮೈಸೂರಿನಲ್ಲಿ ಆ ಬರಿದಾದ ಸ್ಥಾನವನ್ನು ತುಂಬುವ ಯತ್ನವು ೨೮ ವರ್ಷಗಳಿಂದ ನಡೆದುಬರುತ್ತಲಿತ್ತು. ಅದೇ ಪ್ರಜಾಪ್ರತಿನಿಧಿ ಸಭೆ. ಸಾಲ, ಸಂಬಳ, ವೆಚ್ಚ ಎಂಬ ಮೂರು ವಿಷಯಗಳಲ್ಲಿ ಈ ಸಭೆಯೂ ಇದರ ತರುವಾಯ ಹುಟ್ಟಿದ ನ್ಯಾಯವಿಧಾಯಕ ಸಭೆಯೂ ಏನನ್ನು ಕೇಳಬಹುದಾಗಿತ್ತು, ಕೇಳಿದುದರಿಂದ ಏನು ಫಲಿಸಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಕೇಳುವ ಸ್ಥಳವಿಲ್ಲದಿರುವಾಗ ಪ್ರಶ್ನೆಯು ಇಲ್ಲದೆ ಹೋಗುವುದಿಲ್ಲ. ಬೇರೆ ರೂಪದಲ್ಲಿ ಹೊರಬೀಳುತ್ತದೆ. ಇದಕ್ಕೆ ಮೈಸೂರಿನ ಚರಿತ್ರೆಯಲ್ಲಿಯೇ ಸಾಕ್ಷ್ಯವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ಅಮಲ್ದಾರರು ಇಷ್ಟು ಹಣವನ್ನು ತಂದೊಪ್ಪಿಸುವೆವೆಂದು ಮುಚ್ಚಳಿಕೆ ಬರೆದುಕೊಡುವ ಶರತ್ತಿನ ಪದ್ಧತಿಯು ಬಳಕೆಗೆ ಬಂದಿತು. ಒಪ್ಪಿದ ಮೊಬಲಗನ್ನು ತುಂಬಿಸಬೇಕಾದ ಅಮಲ್ದಾರನು ಅದನ್ನು ರೈತನಿಂದಲೇ ಹಿಂಡಬೇಕಾಯಿತು. ೧೮೩೦ರಲ್ಲಿ ನಗರದ ಸೀಮೆಯ ರೈತರು ಕೂಟಗಳನ್ನು ಕಟ್ಟಿ ಕಂದಾಯವನ್ನು ಕೊಡೆವೆಂದು ನಿಂತರು. ಆ ಕೂಟವೇ ದಂಗೆಯಾಗಿ ಹಬ್ಬಿ, ೧೮೩೧ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಸಂಸ್ಥಾನದ ಆಡಳಿತವನ್ನು ಮಹಾರಾಜರ ಕೈಯಿಂದ ತೆಗೆದುಕೊಳ್ಳುವುದಕ್ಕೆ ಕಾರಣವಾಯಿತು. ದಂಗೆಯ ಕಾರಣಗಳನ್ನು ವಿಚಾರಿಸಲು ಆಮೇಲೆ ಒಂದು ಸಮಿತಿಯು ನೇಮಕವಾಯಿತು. ದಂಗೆಗೆ ಮುಂಚೆ ನಡೆಯಬೇಕಾಗಿದ್ದ ವಿಚಾರಣೆಯು ದಂಗೆ ಮುಗಿದ ಬಳಿಕ ನಡೆದಂತಾಯಿತು.

ಐವತ್ತು ವರ್ಷಗಳ ಕಮಿಷನರ ಆಡಳಿತವು ಕಳೆದು, ೧೮೮೧ನೆಯ ಮಾರ್ಚಿ ೨೫ರಂದು ಸಂಸ್ಥಾನವು ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಾಗ ದಿವಾನರಾದವರು ಸಿ. ರಂಗಾಚಾರ್ಲು. ಅವರ ಕೈಗೆ ಬಂದುದು ಬಡವಾದ ರಾಜ್ಯ. ಧಾತು ಈಶ್ವರ ಸಂವತ್ಸರಗಳ ಕ್ಷಾಮವು ದೇಶವನ್ನು ಆಗತಾನೆ ತಿಂದುಹಾಕಿತ್ತು. ೧೮೭೧ರ ಖಾನೇಷುಮಾರಿಯಲ್ಲಿ ೫೦,೫೫,೪೧೨ ಆಗಿದ್ದ ಜನಸಂಖ್ಯೆಯು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿತ್ತು. ಎಂದರೆ, ಸಹಜವಾಗಿ ಬೆಳೆಯಬೇಕಾಗಿದ್ದುದನ್ನು ಗಣಿಸದೆಯೇ ೮,೬೯,೨೨೪ ಜನರ ಕೊರತೆ. ಕ್ಷಾಮನಿವಾರಣೆಗಾಗಿ ಭಾರತ ಸರಕಾರದಿಂದ ತಂದ ೮೦ ಲಕ್ಷ ರೂಪಾಯಿಗಳ ಸಾಲವು ಸಂಸ್ಥಾನದ ತಲೆಯ ಮೇಲಿತ್ತು. ವರ್ಷದ ಹುಟ್ಟುವಳಿಯೇ ಸುಮಾರು ೧ ಕೋಟಿ. ಅದರಲ್ಲಿ ೨೪॥ ಲಕ್ಷವು ಬ್ರಿಟಿಷ್ ಸರಕಾರಕ್ಕೆ ಪೊಗದಿಯಾಗಿ ಸಲ್ಲುತ್ತಿತ್ತು. ರಾಜ್ಯವನ್ನು ಮರಳಿ ಕೊಡುವಾಗ ಈ ಪೊಗದಿಯನ್ನು ೩೫ ಲಕ್ಷಕ್ಕೆ ಏರಿಸಲಾಗಿದ್ದು, ಏರಿಸಿದ ೧೦॥ ಲಕ್ಷದ ವಸೂಲನ್ನು ಮಾತ್ರ ಮುಂದಕ್ಕೆ ಹಾಕಿ ಕೊನೆಗೆ ೧೮೯೬ರಿಂದ ತೆಗೆದುಕೊಳ್ಳತೊಡಗಿದರು.

ಇಂತಹ ಸ್ಥಿತಿಯಲ್ಲಿ, ೧೮೮೧ನೆಯ ಆಗಸ್ಟ್ ೨೫ರ ಆಜ್ಞೆಯಿಂದ ಪ್ರಜಾಪ್ರತಿನಿಧಿ ಸಭೆಯು ಏರ್ಪಟ್ಟಿತು. ಅದೇ ವರ್ಷದ ಅಕ್ಟೋಬರ್ ೭ರಂದು, ದಸರೆಯ ಸಮಯದಲ್ಲಿ, ೧೪೪ ಮಂದಿ ಸದಸ್ಯರು ಮೈಸೂರಿನಲ್ಲಿ ಮೊದಲಬಾರಿಗೆ ಕೂಡಿದರು. ಸರಕಾರದ ಕಾರ್ಯಗಳು ಪ್ರಜೆಗಳ ಇಷ್ಟಕ್ಕೂ ಹಿತಕ್ಕೂ ಹೊಂದಿಕೊಂಡಿರಬೇಕಾದರೆ ಅವರ ಅಭಿಪ್ರಾಯಗಳು ಸರಕಾರಕ್ಕೆ ನೇರವಾಗಿ ತಿಳಿಯಬೇಕೆಂಬುದು ಆಜ್ಞೆಯ ಆಶಯ. ದಿವಾನರು ವರ್ಷದ ಆಯವ್ಯಯಗಳನ್ನೂ ಆಡಳಿತದ ವೃತ್ತಾಂತವನ್ನೂ ಸಭೆಗೆ ಓದಿ ಹೇಳುವರು. ಸದಸ್ಯರು ತಮ್ಮ ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡುವರು. ದಿವಾನರು ಅದಕ್ಕೆ ಉತ್ತರ ಹೇಳುವರು. ಮತಗಣನೆಯಿಲ್ಲ, ನಿರ್ಣಯದ ಬಲವಿಲ್ಲ. ಆದರೂ ದೇಶೀಯ ಸಂಸ್ಥಾನದ ಮಂತ್ರಿಯೊಬ್ಬನು ಬೊಕ್ಕಸದ ಲೆಕ್ಕವನ್ನು ತೆರಿಗೆಗಾರರ ಮುಂದೆ ನಿಂತು ಓದಿ ಹೇಳಿದುದು ಆ ಕಾಲಕ್ಕೆ ಅಪೂರ್ವವೆನ್ನಲು ಅಡ್ಡಿಯಿಲ್ಲ. ಅಕ್ಷಪಟಲದಲ್ಲಿ ಬರಿದಾಗಿದ್ದ ಮೂರನೆಯ ಪೀಠದಲ್ಲಿ ಈಗ ಒಬ್ಬನು ಬಂದು ಕುಳಿತಂತಾಯಿತು. ಅವನ ಕೈಯಲ್ಲಿ ದಂಡವಿರಲಿಲ್ಲ. ಕಿವಿಯೂ ನಾಲಗೆಯೂ ಮಾತ್ರ ಇದ್ದುವು.

೩

ಮೊದಲು ವ್ಯಯದ ವಿಷಯ. ರಂಗಾಚಾರ್ಲುಗಳ ಮೊದಲ ಕೆಲಸವೇ ವೆಚ್ಚವನ್ನು ಕಡಮೆ ಮಾಡುವುದಾಗಿತ್ತು. ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿದರು. ಹಾಸನವೂ ಚಿತ್ರದುರ್ಗವೂ ಜಿಲ್ಲೆಯ ಪದವಿಯನ್ನು ಕಳೆದುಕೊಂಡುವು. ೧೮೮೩ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೮೬ರಲ್ಲಿ, ಆ ಎರಡು ಜಿಲ್ಲೆಗಳೂ ಮತ್ತೆ ಸ್ಥಾಪಿತವಾದುವು. ಮಿತವ್ಯಯವೆಂಬುದು ಲೆಕ್ಕದ ಪುಸ್ತಕದಲ್ಲಿ ಸುಲಭವಾಗಿ ಕಾಣುವಷ್ಟು ನೆಲದ ಮೇಲೆ ಸುಲಭವಲ್ಲವೆಂಬುದಕ್ಕೆ ಈ ಒಂದು ಉದಾಹರಣೆಯು ಸಾಕು. ಕಚೇರಿಯು ದೂರವಾದರೆ ಸರಕಾರಕ್ಕೆ ಸಂಬಳವು ಉಳಿಯುವುದು. ರೈತನಿಗೆ ದಾರಿಯ ವೆಚ್ಚವು ಏರುವುದು. ಸರಕಾರದ ಲೆಕ್ಕದಲ್ಲಿ ಉಳಿತಾಯವಾಗಿ ತೋರುವುದು ಪ್ರಜೆಯ ಲೆಕ್ಕದಲ್ಲಿ ನಷ್ಟವಾಗಿರಬಹುದು. ಆ ಎರಡನೆಯ ಲೆಕ್ಕವನ್ನು ಇಡುವ ಕಚೇರಿಯು ಯಾವುದೂ ಇಲ್ಲ; ಅದನ್ನು ಬಲ್ಲವನು ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ಗೊತ್ತಾಗಬೇಕು. ಪ್ರತಿನಿಧಿ ಸಭೆಯ ನಿಜವಾದ ಉಪಯೋಗವು ಇಲ್ಲಿದೆ.

ಆದರೆ ಸಭೆಯ ಮಾತು ತಲಪದ ಬಾಬುಗಳೂ ಇದ್ದುವು. ಪೊಗದಿಯು ಸಂಸ್ಥಾನದ ವೆಚ್ಚಗಳಲ್ಲೆಲ್ಲ ಅತಿ ದೊಡ್ಡವುಗಳಲ್ಲೊಂದು. ಅದನ್ನು ನಿರ್ಣಯಿಸಿದವರು ಸಭೆಯ ಮುಂದೆ ಉತ್ತರ ಹೇಳಬೇಕಾದವರಲ್ಲ. ದಿವಾನರೇ ಈ ವಿಷಯದಲ್ಲಿ ಬೇಡುವವರಾಗಿದ್ದರು. ಏರಿಸಿದ ೧೦॥ ಲಕ್ಷವನ್ನು ಬಿಟ್ಟುಕೊಡುವುದಾಗಿ ಬ್ರಿಟಿಷ್ ಸರಕಾರವು ಸಾರಿದುದು ೧೯೨೭ರಲ್ಲಿ. ಯಾರನ್ನು ಕೇಳಬಹುದೋ ಅವರ ಕೈಯಲ್ಲಿ ಅಧಿಕಾರವಿಲ್ಲ, ಯಾರ ಕೈಯಲ್ಲಿ ಅಧಿಕಾರವಿದೆಯೋ ಅವರನ್ನು ಕೇಳುವಂತಿಲ್ಲ ಎಂಬ ಈ ಸ್ಥಿತಿಯು ದೇಶೀಯ ಸಂಸ್ಥಾನಗಳ ಪ್ರಜೆಗಳಿಗೆ ವಿಶೇಷವಾಗಿ ಒದಗಿದ ತೊಡಕು.

ಪ್ರಶ್ನೆಯ ಅಧಿಕಾರವು ಬೆಳೆದುದು ಮೆಲ್ಲಮೆಲ್ಲನೆ. ಆರಂಭದಲ್ಲಿ ಸದಸ್ಯರನ್ನು ಸ್ಥಳೀಯ ಮಂಡಲಿಗಳು ಆರಿಸಿ ಕಳುಹಿಸುತ್ತಿದ್ದುವು. ೧೮೯೧ರಿಂದ ಅವರು ಆಸ್ತಿಯ ಅರ್ಹತೆಯುಳ್ಳವರಿಂದ ಚುನಾಯಿತರಾಗತೊಡಗಿದರು. ೧೯೦೭ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ಶಾಸನಗಳನ್ನು ರಚಿಸುವುದಕ್ಕಾಗಿ ನ್ಯಾಯವಿಧಾಯಕ ಸಭೆಯು ಏರ್ಪಟ್ಟಿತು. ಆ ಸಭೆಗೆ ಮೊದಲು ಆಯವ್ಯಯವನ್ನು ಚರ್ಚಿಸುವ ಹಕ್ಕಾಗಲಿ ಸರಕಾರವನ್ನು ಪ್ರಶ್ನಿಸುವ ಹಕ್ಕಾಗಲಿ ಇರಲಿಲ್ಲ, ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ (೧೯೧೨-೧೮) ಅವೆರಡೂ ದೊರೆತುವು. ಅನಂತರ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರ ಅಧ್ಯಕ್ಷತೆಯ ಸಮಿತಿಯ ವರದಿಯನ್ನನುಸರಿಸಿ ೧೯೨೩ರಲ್ಲಿ ಎರಡು ರೆಗ್ಯುಲೇಷನ್ನುಗಳು ಹೊರಟುವು. ಇವುಗಳಿಂದ ಪ್ರತಿನಿಧಿ ಸಭೆಯು ಕೇವಲ ಆಜ್ಞೆಯ ಆಧಾರವನ್ನು ಬಿಟ್ಟು ಶಾಸನದ ಆಧಾರವನ್ನು ಪಡೆಯಿತು. ಹೊಸ ತೆರಿಗೆಯನ್ನು ವಿಧಿಸುವ ಮುನ್ನ ಸಭೆಯ ಅಭಿಪ್ರಾಯವನ್ನು ಕೇಳಬೇಕೆಂದೂ, ಮಸೂದೆಗಳ ಸಾಮಾನ್ಯ ತತ್ತ್ವಗಳನ್ನು ಅದರ ಮುಂದಿಡಬೇಕೆಂದೂ ಏರ್ಪಟ್ಟಿತು. ೫೦ ಮಂದಿಯ ನ್ಯಾಯವಿಧಾಯಕ ಸಭೆಗೆ ಇಲಾಖೆಗಳ ಬೇಡಿಕೆಗಳ ಮೇಲೆ ಮತ ಕೊಡುವ ಹಕ್ಕು ಬಂದಿತು. ಸಂದ ವೆಚ್ಚವನ್ನು ಪರೀಕ್ಷಿಸುವ ಲೆಕ್ಕಪತ್ರ ಸಮಿತಿಯೂ ಹುಟ್ಟಿತು. ಆದರೆ ಆ ೫೦ ಮಂದಿಯಲ್ಲಿ ಚುನಾಯಿತರು ೨೨ ಮಂದಿ ಮಾತ್ರ. ಉಳಿದವರು ಸರಕಾರದ ನಾಮಕರಣದಿಂದ ಬಂದವರು. ಅರಮನೆಯ ವೆಚ್ಚವೂ ಪೊಗದಿಯೂ ಮತಕ್ಕೆ ಹೊರಗಾಗಿದ್ದುವು. ಸಭೆಯು ನಿರಾಕರಿಸಿದ ಬೇಡಿಕೆಯನ್ನು ಅವಶ್ಯವೆಂದು ತೋರಿದರೆ ಸರಕಾರವು ಮತ್ತೆ ಸೇರಿಸಿಕೊಳ್ಳಬಹುದಾಗಿತ್ತು.

ಇಷ್ಟು ಮಿತಿಗಳ ನಡುವೆಯೂ ಚರ್ಚೆಗೆ ವಿಷಯದ ಕೊರತೆಯಿರಲಿಲ್ಲ. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆ, ೧೯೧೮ರಲ್ಲಿ ಕೈಕೊಂಡು ೧೯೨೩ರ ಜನವರಿಯಲ್ಲಿ ಕುಲುಮೆ ಹೊತ್ತಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಇವು ಸಂಸ್ಥಾನದ ಶಕ್ತಿಯನ್ನು ಪರೀಕ್ಷಿಸಿದ ಕಾರ್ಯಗಳು. ಮಹಾಯುದ್ಧವು ಮುಗಿದು ಕಬ್ಬಿಣದ ಬೆಲೆಯು ಕುಸಿದಾಗ ಭದ್ರಾವತಿಯು ಆಯವ್ಯಯಕ್ಕೆ ದೊಡ್ಡ ಹೊರೆಯಾಯಿತು. ನಷ್ಟವನ್ನು ಇನ್ನೆಷ್ಟು ಕಾಲ ಹೊರಬೇಕು ಎಂಬ ಪ್ರಶ್ನೆಗೂ, ಇಂದಿನ ನಷ್ಟವು ಮುಂದಣ ಕೈಗಾರಿಕೆಗೆ ಹಾಕಿದ ಬೀಜ ಎಂಬ ಉತ್ತರಕ್ಕೂ ಆಗ ಎಡೆಯಾಯಿತು. ಈ ವಾದದಲ್ಲಿ ಎರಡು ಪಕ್ಷಗಳೂ ಪೂರ್ಣವಾಗಿ ಗೆಲ್ಲಲಿಲ್ಲ. ೧೯೨೩ರಲ್ಲಿ ವಿಶ್ವೇಶ್ವರಯ್ಯನವರೇ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿ ವೆಚ್ಚವನ್ನು ತಗ್ಗಿಸಿ ಅದನ್ನು ಉಳಿಸಿಕೊಂಡರು. ಕಾರ್ಖಾನೆಯು ಮುಚ್ಚಲೂ ಇಲ್ಲ, ಹಳೆಯ ರೀತಿಯಲ್ಲಿ ನಡೆಯಲೂ ಇಲ್ಲ.

೪

ಎರಡನೆಯದು ಋಣ. ಮೂರು ವಿಷಯಗಳಲ್ಲಿ ಇದೇ ಅತ್ಯಂತ ಕಠಿನವಾದುದು. ಏಕೆಂದರೆ ಇಲ್ಲಿ ಪ್ರಶ್ನೆಯು ಸರಕಾರಕ್ಕೆ ಮಾತ್ರವಲ್ಲದೆ ಪ್ರಶ್ನಿಸುವವನಿಗೂ ತಟ್ಟುವಂತಹುದು.

ರೈತನ ಸಾಲಕ್ಕೆ ಕಾರಣಗಳು ಹಲವು. ಮಳೆಯು ಕೈಕೊಡುವುದು, ದನಗಳು ಸಾಯುವುದು, ಮದುವೆ ಮುಂಜಿಗಳ ವೆಚ್ಚ, ಇವು ಹಳೆಯವು. ಹೊಸದಾದುದು ಹಣದ ಕಂದಾಯವೂ ನ್ಯಾಯಾಲಯದ ಡಿಕ್ರಿಯೂ ಒಟ್ಟುಗೂಡಿದ ಪರಿಸ್ಥಿತಿ. ೧೮೬೩ರಲ್ಲಿ ಆರಂಭವಾದ ಭೂಮಾಪನ ಮತ್ತು ಕಂದಾಯ ನಿರ್ಣಯದ ಏರ್ಪಾಡಿನಿಂದ ರೈತನಿಗೆ ಭೂಮಿಯಲ್ಲಿ ಸ್ಪಷ್ಟವಾದ ಹಕ್ಕು ದೊರೆಯಿತು. ಆದರೆ ಹಕ್ಕು ಸ್ಪಷ್ಟವಾದ ಭೂಮಿಯನ್ನು ಅಡವಿಡುವುದು ಸುಲಭ. ಅಡವಿಟ್ಟುದನ್ನು ಡಿಕ್ರಿಯ ಮೂಲಕ ಹರಾಜು ಹಾಕಿಸುವುದು ಇನ್ನೂ ಸುಲಭ. ಕಂತಿನ ದಿನಕ್ಕೆ ಬೆಳೆಯು ಕೈಸೇರದಿದ್ದರೆ ರೈತನು ಸಾಹುಕಾರನ ಮನೆಯ ಬಾಗಿಲಿಗೆ ಹೋಗಲೇಬೇಕು. ಹೀಗೆ ರೈತನನ್ನು ರಕ್ಷಿಸಬೇಕೆಂದು ಮಾಡಿದ ಏರ್ಪಾಡೇ ಅವನ ಭೂಮಿಯನ್ನು ಋಣದ ಬಾಯಿಗೆ ಇಡುವಂತಾಯಿತು. ಮುಂಬಯಿ ಆಧಿಪತ್ಯದ ಪುಣೆ, ಅಹಮದನಗರದ ಸೀಮೆಗಳಲ್ಲಿ ಇದೇ ಕಾರಣದಿಂದ ೧೮೭೫ರಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟರು. ಅದರ ಫಲವಾಗಿ ೧೮೭೯ರಲ್ಲಿ ದಕ್ಷಿಣದ ಕೃಷಿಕರ ಋಣಪರಿಹಾರದ ಶಾಸನವು ಹುಟ್ಟಿತು.

ಮೈಸೂರಿನಲ್ಲಿ ಪತ್ರಗಳು ಸುಡಲಿಲ್ಲ. ಶಾಸನವೂ ಬೇಗನೆ ಬರಲಿಲ್ಲ. ಶೇಷಾದ್ರಿ ಅಯ್ಯರ್ ಅವರು ೧೮೯೪ರಲ್ಲಿ ವ್ಯವಸಾಯದ ಬ್ಯಾಂಕುಗಳ ಯೋಜನೆಯೊಂದನ್ನು ತಂದು, ಭೂಮಿಯುಳ್ಳವರ ಸಂಘಗಳಿಗೆ ಸರಕಾರದಿಂದ ಹಣವನ್ನು ಕಡಕೊಡಿಸಿದರು. ಆ ಯೋಜನೆಯು ನಿರೀಕ್ಷಿಸಿದ ಫಲವನ್ನು ಕೊಡಲಿಲ್ಲ, ಬಾಕಿಯು ಬೆಳೆಯಿತು. ೧೯೦೫ರಲ್ಲಿ ಸಹಕಾರ ಸಂಘಗಳ ರೆಗ್ಯುಲೇಷನ್ನು ಬಂದಿತು. ೧೯೨೩ರಲ್ಲಿ ಅತಿಬಡ್ಡಿಯ ಸಾಲಗಳನ್ನು ಕುರಿತ ಶಾಸನವೂ, ೧೯೨೮ರಲ್ಲಿ ಮೈಸೂರು ಕೃಷಿಕರ ಪರಿಹಾರದ ಶಾಸನವೂ ಆದುವು. ಈ ಕೊನೆಯದು ದಕ್ಷಿಣದ ಶಾಸನದ ಮಾದರಿಯಲ್ಲಿದ್ದು, ಪತ್ರದ ಮೇಲೆ ಕಾಣುವ ಮೊಬಲಗನ್ನೇ ಪ್ರಮಾಣವೆಂದು ಗ್ರಹಿಸದೆ ಸಾಲದ ಪೂರ್ವವೃತ್ತಾಂತವನ್ನು ವಿಚಾರಿಸುವುದಕ್ಕೂ ಕಂತುಗಳನ್ನು ಗೊತ್ತುಮಾಡುವುದಕ್ಕೂ ನ್ಯಾಯಾಲಯಕ್ಕೆ ಅವಕಾಶವನ್ನು ಕಲ್ಪಿಸಿತು. ೧೯೨೯ರಲ್ಲಿ ಭೂ ಅಡಮಾನ ಬ್ಯಾಂಕು, ೧೯೩೭ರಲ್ಲಿ ಸಾಲಗಾರನಿಗೂ ಸಾಲಕೊಟ್ಟವನಿಗೂ ಸಂಧಾನ ಮಾಡಿಸುವ ಮಂಡಲಿಗಳ ಶಾಸನ, ೧೯೩೯ರಲ್ಲಿ ಲೇವಾದೇವಿಗಾರರ ಶಾಸನ, ಹೀಗೆ ಒಂದರ ಹಿಂದೆ ಒಂದು ಬಂದುವು.

ಪ್ರಜಾಪ್ರತಿನಿಧಿ ಸಭೆಯು ಹುಟ್ಟಿದ ೧೮೮೧ಕ್ಕೂ ಋಣಪರಿಹಾರದ ಶಾಸನವು ಬಂದ ೧೯೨೮ಕ್ಕೂ ನಡುವೆ ೪೭ ವರ್ಷಗಳು. ಈ ವಿಳಂಬಕ್ಕೆ ಸರಕಾರವೊಂದೇ ಹೊಣೆಯೆನ್ನುವುದು ನ್ಯಾಯವಲ್ಲ. ಮೊದಲ ಸಭೆಯಲ್ಲಿ ಕುಳಿತವರು ಭೂಮಾಲಿಕರೂ ವರ್ತಕರೂ ಆಗಿದ್ದರು. ಚುನಾವಣೆಯು ಬಂದ ಮೇಲೆಯೂ ಮತವು ಆಸ್ತಿಗೆ ಕಟ್ಟುಬಿದ್ದಿತ್ತು. ಹಳ್ಳಿಯಲ್ಲಿ ಹೆಚ್ಚು ಕಂದಾಯವನ್ನು ಕಟ್ಟುವವನೇ ಬಹುಮಟ್ಟಿಗೆ ನೆರೆಯವರಿಗೆ ಸಾಲ ಕೊಡಬಲ್ಲವನೂ ಹೌದು. ಕಂದಾಯವು ಭಾರವಾಯಿತೆಂದು ಹೇಳುವಾಗ ಅವನು ಇಡೀ ಹಳ್ಳಿಯ ಪ್ರತಿನಿಧಿ. ಬಡ್ಡಿಯು ಭಾರವಾಯಿತೆಂದು ಹೇಳಬೇಕಾದಾಗ ಅವನು ಒಂದು ಪಕ್ಷದವನು. ಆದುದರಿಂದ ಇಂತಹ ಸಭೆಯಲ್ಲಿ ಸಾಲದ ಮಾತು ಸುಲಭವಾಗಿ ಹಿಡಿಯುವ ದಾರಿಯು ಸರಕಾರದಿಂದ ಅಗ್ಗದ ಸಾಲವನ್ನು ಕೇಳುವುದೇ ಹೊರತು ಇದ್ದ ಸಾಲವನ್ನು ಕತ್ತರಿಸುವುದಲ್ಲ. ೧೮೯೪ರ ಬ್ಯಾಂಕುಗಳೂ ೧೯೦೫ರ ಸಂಘಗಳೂ ಮೊದಲು ಬಂದು, ಪತ್ರದ ಒಳಹೊಕ್ಕು ನೋಡುವ ಶಾಸನವು ಕಡೆಗೆ ಬಂದ ಕ್ರಮವು ಈ ಊಹೆಗೆ ಹೊಂದುತ್ತದೆ. ಮತದಾನದ ಅರ್ಹತೆಯನ್ನು ತಗ್ಗಿಸಿದ ೧೯೨೩ರ ಸುಧಾರಣೆಯಾದ ಐದು ವರ್ಷಗಳೊಳಗೆ ಆ ಶಾಸನವು ಬಂದಿತೆಂಬುದನ್ನೂ ಗಮನಿಸಬೇಕು. ಕಾಲಸಾಮೀಪ್ಯವೇ ಕಾರಣತ್ವವೆಂದು ಹೇಳಲಾಗದಿದ್ದರೂ ಅದನ್ನು ಕಡೆಗಣಿಸುವುದೂ ಯುಕ್ತವಲ್ಲ.

ಇದೇ ಕಾಲದಲ್ಲಿ ಮೈಸೂರಿನ ಎಲ್ಲೆಯ ಹೊರಗಿದ್ದ ಕನ್ನಡ ಸೀಮೆಗಳೊಡನೆ ಹೋಲಿಸಿ ನೋಡಿದರೆ ವಿಷಯವು ಇನ್ನೂ ವಿಶದವಾಗುವುದು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಮದರಾಸು ಆಧಿಪತ್ಯಕ್ಕೆ ಸೇರಿದ್ದುವು. ಅಲ್ಲಿ ೧೯೩೭ರಲ್ಲಿ ಚುನಾಯಿತ ಸಭೆಗೆ ಉತ್ತರವಾದಿಯಾದ ಸಿ. ರಾಜಗೋಪಾಲಾಚಾರ್ಯರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದು, ಮರುವರ್ಷವೇ ಕೃಷಿಕರ ಪರಿಹಾರದ ಶಾಸನವನ್ನು ಮಾಡಿತು. ೧೯೩೨ನೆಯ ಅಕ್ಟೋಬರ್ ೧ಕ್ಕೆ ಮುಂಚಿನ ಸಾಲಗಳ ಮೇಲೆ ೧೯೩೭ನೆಯ ಅಕ್ಟೋಬರ್ ೧ರವರೆಗೆ ನಿಂತಿದ್ದ ಬಡ್ಡಿಯನ್ನು ಅದು ತೊಡೆದುಹಾಕಿತು. ಅಸಲಿನ ಇಮ್ಮಡಿಯಷ್ಟನ್ನು ಸಲ್ಲಿಸಿದವನ ಸಾಲವು ತೀರಿತೆಂದು ಸಾರಿತು. ಸ್ಮೃತಿಕಾರರ ದ್ವೈಗುಣ್ಯದ ನಿಯಮವು ಹೀಗೆ ನವೀನ ಶಾಸನವೊಂದರಲ್ಲಿ ಮರುಹುಟ್ಟು ಪಡೆಯಿತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳು ಸೇರಿದ್ದ ಮುಂಬಯಿ ಆಧಿಪತ್ಯದಲ್ಲಿ ಇದೇ ಬಗೆಯ ಶಾಸನವು ೧೯೩೯ರಲ್ಲಿ ಆಯಿತು. ಕೇಳುವವರೇ ಉತ್ತರ ಹೇಳುವ ಸ್ಥಾನಕ್ಕೆ ಬಂದಲ್ಲಿ ಒಂದು ವರ್ಷದಲ್ಲಿ ಆದ ಕೆಲಸಕ್ಕೆ, ಕೇಳುವುದಷ್ಟೇ ಇದ್ದಲ್ಲಿ ಅರ್ಧ ಶತಮಾನವು ಹಿಡಿಯಿತು. ಆದರೆ ಮದರಾಸಿನ ಶಾಸನದಿಂದ ಹಳ್ಳಿಯಲ್ಲಿ ಸಾಲವು ಹುಟ್ಟುವುದೇ ಕಷ್ಟವಾಗುವುದೆಂಬ ಆಕ್ಷೇಪವೂ ಆಗಲೇ ಬಂದಿತು, ಅದು ನಿರಾಧಾರವಾದುದಲ್ಲ. ಹಳೆಯ ಋಣವನ್ನು ಕತ್ತರಿಸುವವನು ಹೊಸ ಋಣದ ದಾರಿಯನ್ನೂ ತೋರಬೇಕು. ಈ ಅಂಶದಲ್ಲಿ ಸಹಕಾರ ಸಂಘವನ್ನೂ ಅಡಮಾನ ಬ್ಯಾಂಕನ್ನೂ ಮೊದಲು ಕಟ್ಟಿ ಆಮೇಲೆ ಸಂಧಾನಕ್ಕೆ ಕೈಯಿಟ್ಟ ಮೈಸೂರಿನ ನಿಧಾನಕ್ಕೆ ಒಂದು ಸಮಾಧಾನವುಂಟು. ಅದು ವಿಳಂಬವನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲವೆಂಬುದು ಬೇರೆ ಮಾತು.

೫

ಮೂರನೆಯದು ವೇತನ. ಸರಕಾರಿ ಸಂಬಳವನ್ನು ಕುರಿತ ವಾದವು ಮೈಸೂರಿನಲ್ಲಿ ಎರಡು ಮುಖವಾಗಿ ನಡೆಯಿತು. ಸಂಬಳವು ಎಷ್ಟು ಎಂಬುದು ಒಂದು. ಸಂಬಳವು ಯಾರಿಗೆ ಎಂಬುದು ಇನ್ನೊಂದು.

ಹಳ್ಳಿಯ ಆಡಳಿತವೆಲ್ಲ ನಿಂತಿದ್ದುದು ಪಟೇಲ, ಶಾನುಭೋಗ, ತೋಟಿ, ತಳವಾರರ ಮೇಲೆ. ಇವರಿಗೆ ಇನಾಂ ಭೂಮಿಯೋ ಪೋಟ್ಗಿಯೆಂಬ ಅಲ್ಪವಾದ ಹಣವೋ ಸಲ್ಲುತ್ತಿತ್ತು. ಕಂದಾಯವನ್ನು ಎತ್ತಿಕೊಡುವವನು ಅತ್ಯಲ್ಪ ವೇತನದವನು. ಎತ್ತಿದ ಕಂದಾಯದಿಂದ ದೊಡ್ಡ ವೇತನವನ್ನು ಪಡೆಯುವವನು ಹುಜೂರು ಕಚೇರಿಯವನು. ಕೌಟಿಲ್ಯನ ೮೦೦ ಪಟ್ಟಿನ ಅಂತರವನ್ನು ಓದಿ ಬೆರಗಾಗುವ ವಾಚಕನು ಅಂತಹ ಅಂತರವು ಆ ಕಾಲಕ್ಕೇ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಕೌಟಿಲ್ಯನು ಒಂದು ಕಾರಣವನ್ನಾದರೂ ಕೊಟ್ಟಿದ್ದನು: ದೊಡ್ಡ ಅಧಿಕಾರಿಗಳು ಆಮಿಷಕ್ಕೂ ಕೋಪಕ್ಕೂ ಒಳಗಾಗದಿರಲು ಅಷ್ಟು ಬೇಕು ಎಂಬುದು ಅವನ ಭಾವ. ಇದೇ ನ್ಯಾಯವನ್ನು ಕೆಳಗಣವನಿಗೂ ಹಚ್ಚಬೇಕಲ್ಲವೆ ಎಂಬುದೇ ಸಣ್ಣ ಸಂಬಳದವರ ಪರವಾಗಿ ಹೇಳಬಹುದಾದ ಅತಿ ಬಲವಾದ ಮಾತು. ಹೊಟ್ಟೆಗೆ ಸಾಲದ ವೇತನವು ಲಂಚಕ್ಕೆ ಸರಕಾರವೇ ಬರೆದುಕೊಟ್ಟ ಅಪ್ಪಣೆಯಂತಾಗುವುದು.

ಸಂಬಳವು ಯಾರಿಗೆ ಎಂಬ ಪ್ರಶ್ನೆಯು ಇನ್ನೂ ತೀಕ್ಷ್ಣವಾಗಿತ್ತು. ಕಮಿಷನರ ಕಾಲದಿಂದಲೂ ಮದರಾಸಿನ ಕಡೆಯಿಂದ ಬಂದವರು ದೊಡ್ಡ ಹುದ್ದೆಗಳಲ್ಲಿ ಹೆಚ್ಚಾಗಿ ತುಂಬಿದ್ದರು. ಮೈಸೂರಿನ ಹಣದಿಂದ ಕೊಡುವ ವೇತನವು ಮೈಸೂರಿನವರಿಗೇ ಸಲ್ಲಬೇಕೆಂಬ ಕೂಗು ಸಭೆಯಲ್ಲಿಯೂ ಪತ್ರಿಕೆಗಳಲ್ಲಿಯೂ ಎದ್ದಿತು. ಎಂ. ವೆಂಕಟಕೃಷ್ಣಯ್ಯನವರಂತಹ ಸದಸ್ಯರು ಸಭೆಯಲ್ಲಿ ಕೇಳಿದುದನ್ನೇ ತಮ್ಮ ಪತ್ರಿಕೆಗಳಲ್ಲಿ ಬರೆದು ಊರೂರಿಗೆ ಮುಟ್ಟಿಸಿದರು. ಆದರೆ ಕೇಳುವ ದಾರಿ ಒಮ್ಮೆ ತೆರೆದ ಮೇಲೆ ಪ್ರಶ್ನೆಯು ಮೊದಲು ಕೇಳಿದವರ ಬಳಿಯಲ್ಲಿಯೇ ನಿಲ್ಲುವುದಿಲ್ಲ. ಮೈಸೂರಿನವರಿಗೆ ಎಂದರೆ ಮೈಸೂರಿನವರಲ್ಲಿ ಯಾರಿಗೆ ಎಂದು ಹಿಂದುಳಿದ ವರ್ಗಗಳವರು ಕೇಳಿದರು. ೧೯೧೭ರಲ್ಲಿ ಪ್ರಜಾಮಿತ್ರ ಮಂಡಲಿಯು ಹುಟ್ಟಿತು. ೧೯೧೮ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯು ನೇಮಕವಾಯಿತು. ಏಳು ವರ್ಷಗಳೊಳಗೆ ಮೇಲಣ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳಗಣ ಹುದ್ದೆಗಳಲ್ಲಿ ಮೂರರಲ್ಲಿ ಎರಡಕ್ಕೂ ಕಡಮೆಯಿಲ್ಲದಂತೆ ಬ್ರಾಹ್ಮಣೇತರರು ಸೇರಬೇಕೆಂದು ಅದು ೧೯೧೯ರಲ್ಲಿ ಸಲಹೆ ಮಾಡಿತು. ಯೋಗ್ಯತೆಗೆ ಹಾನಿಯೆಂದು ವಿಶ್ವೇಶ್ವರಯ್ಯನವರು ಈ ಮಾರ್ಗವನ್ನು ಒಪ್ಪಲಿಲ್ಲ. ಅವರು ದಿವಾನಗಿರಿಯನ್ನು ಬಿಟ್ಟುದಕ್ಕೆ ಇದೂ ಒಂದು ಕಾರಣವಾಯಿತು. ಸಂಬಳವೆಂಬುದು ಬರಿಯ ಹಣವಲ್ಲ, ರಾಜ್ಯದಲ್ಲಿ ಪಾಲು ಎಂಬುದು ಈ ವಾದದಿಂದ ವ್ಯಕ್ತವಾಯಿತು.

ಈ ವಿಷಯದಲ್ಲಿಯೂ ಎಲ್ಲೆಯಾಚೆಯ ದೃಷ್ಟಾಂತವೊಂದಿದೆ. ಸರಕಾರಿ ನೌಕರರ ವೇತನವು ಸಾಮಾನ್ಯವಾಗಿ ತಿಂಗಳಿಗೆ ೫೦೦ ರೂಪಾಯಿಗಳನ್ನು ಮೀರಕೂಡದೆಂದು ೧೯೩೧ರಲ್ಲಿ ಕರಾಚಿಯ ಕಾಂಗ್ರೆಸ್ಸು ನಿರ್ಣಯಿಸಿತ್ತು. ೧೯೩೭ರಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಮಂತ್ರಿಗಳು ಅಷ್ಟನ್ನೇ ತಮಗೆ ಗೊತ್ತುಮಾಡಿಕೊಂಡರು. ಆದರೆ ಅವರ ಕೈಕೆಳಗಿದ್ದ ಸಿವಿಲ್ ಸರ್ವಿಸಿನವರ ವೇತನವು ಪ್ರಾಂತ್ಯದ ಸಭೆಯ ಮತಕ್ಕೆ ಹೊರಗಾದುದಾಗಿತ್ತು. ಅಲ್ಪ ವೇತನದ ಮಂತ್ರಿಯು ಅಧಿಕ ವೇತನದ ಕಾರ್ಯದರ್ಶಿಗೆ ಆಜ್ಞೆ ಮಾಡಿದುದು ಆ ಕಾಲದ ವಿಚಿತ್ರಗಳಲ್ಲೊಂದು. ತನ್ನ ಸಂಬಳವನ್ನು ತಗ್ಗಿಸಿಕೊಳ್ಳುವುದು ತ್ಯಾಗ. ಸಂಬಳದ ಏರ್ಪಾಡನ್ನು ತಿದ್ದುವುದು ಅಧಿಕಾರ. ಅವರಿಗೆ ಮೊದಲನೆಯದು ಸಾಧ್ಯವಾಯಿತು, ಎರಡನೆಯದು ಸಾಧ್ಯವಾಗಲಿಲ್ಲ.

೬

ಈ ಸಭೆಗಳನ್ನು ಕುರಿತು ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳು ಕಾಣಬರುತ್ತವೆ. ಅವು ಭಾರತದಲ್ಲಿಯೇ ಮೊದಲನೆಯ ಪ್ರಜಾಸಂಸ್ಥೆಗಳೆಂದು ಕೊಂಡಾಡುವವರು ಕೆಲವರು. ಅವು ದಸರೆಯ ಒಡ್ಡೋಲಗದ ಒಂದು ಅಂಗಮಾತ್ರವೆಂದು ತಳ್ಳಿಹಾಕುವವರು ಕೆಲವರು. ಋಣ, ವೇತನ, ವ್ಯಯಗಳ ಚರಿತ್ರೆಯನ್ನು ಹಿಡಿದು ನೋಡಿದರೆ ಎರಡೂ ಅರ್ಧಸತ್ಯಗಳೆಂದು ತೋರುವುದು.

ಮೊದಲನೆಯದಾಗಿ, ಪ್ರಶ್ನೆಯು ಅಧಿಕಾರವಲ್ಲವಾದರೂ ಅಧಿಕಾರದ ಬೀಜವಹುದು. ಲೆಕ್ಕವನ್ನು ಓದಿ ಹೇಳುವುದು ಆಚಾರವಾಯಿತು, ಆಚಾರವು ಶಾಸನವಾಯಿತು, ಶಾಸನವು ಮತದಾನವನ್ನು ತಂದಿತು. ೧೮೮೧, ೧೮೯೧, ೧೯೦೭, ೧೯೨೩ ಎಂಬ ಮೆಟ್ಟಿಲುಗಳಲ್ಲಿ ಯಾವುದೊಂದೂ ಹಿಂದಿನದಿಲ್ಲದೆ ಹುಟ್ಟುವಂತಹುದಲ್ಲ. ಎರಡನೆಯದಾಗಿ, ಪ್ರಶ್ನೆಯ ಫಲವು ಪ್ರಶ್ನಿಸುವವನ ಸ್ಥಿತಿಯನ್ನು ಅವಲಂಬಿಸಿದೆ. ವ್ಯಯದ ವಿಷಯದಲ್ಲಿ ತೆರಿಗೆಗಾರರೆಲ್ಲರ ಹಿತವೂ ಒಂದೇ ಆದುದರಿಂದ ಸಭೆಯ ಧ್ವನಿಯು ಒಂದಾಗಿತ್ತು. ವೇತನದಲ್ಲಿ ಅದು ಎರಡಾಗಿ ಸೀಳಿತು. ಋಣದಲ್ಲಿ ಅದು ಬಹುಕಾಲ ಮಂದವಾಗಿಯೇ ಉಳಿಯಿತು. ಏಕೆಂದರೆ ಸಾಲದಲ್ಲಿ ಮುಳುಗಿದವನು ಸಭೆಯೊಳಗೆ ಇರಲಿಲ್ಲ. ಮೂರನೆಯದಾಗಿ, ಉತ್ತರ ಹೇಳುವವನನ್ನು ಬದಲಾಯಿಸಲ್ಪಡಬಹುದೆಂಬ ಭಯವಿಲ್ಲದಲ್ಲಿ ಉತ್ತರವು ಸೌಜನ್ಯವಾಗಿ ನಿಲ್ಲುವುದು, ಹೊಣೆಯಾಗಿ ಮಾರ್ಪಡುವುದಿಲ್ಲ. ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲರಂತಹ ಸಮರ್ಥರು ದಿವಾನರಾಗಿದ್ದುದು ಸಂಸ್ಥಾನದ ಭಾಗ್ಯ. ಆದರೆ ಭಾಗ್ಯವನ್ನು ರಾಜ್ಯಾಂಗವೆನ್ನಲಾಗದು.

೧೯೩೮ರ ಏಪ್ರಿಲಿನಲ್ಲಿ ಶಿವಪುರದ ಧ್ವಜಸತ್ಯಾಗ್ರಹವೂ ವಿದುರಾಶ್ವತ್ಥದ ಗೋಳೀಬಾರೂ ನಡೆದುವು. ನಗರದ ಕೂಟಗಳಾದ ನೂರೆಂಟು ವರ್ಷಗಳ ಮೇಲೆ, ಎರಡೆರಡು ಸಭೆಗಳಿದ್ದೂ ಪ್ರಶ್ನೆಯು ಮತ್ತೆ ಬಯಲಿಗೆ ಬಂದಿತು. ೧೯೪೦ರ ಶಾಸನವು ಸದಸ್ಯರ ಸಂಖ್ಯೆಯನ್ನೂ ಚುನಾಯಿತರ ಪ್ರಮಾಣವನ್ನೂ ಹೆಚ್ಚಿಸಿತಾದರೂ ಹೊಣೆಗಾರಿಕೆಯ ಸರಕಾರವನ್ನು ಕೊಡಲಿಲ್ಲ. ಅದು ಬಂದುದು ೧೯೪೭ನೆಯ ಅಕ್ಟೋಬರ್ ೨೪ರಂದು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲದೊಡನೆ. ೧೯೪೯ರ ಡಿಸೆಂಬರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಅರುವತ್ತೆಂಟು ವರ್ಷಗಳ ಬಾಳನ್ನು ಮುಗಿಸಿತು.

ಭಾರತದ ಸಂವಿಧಾನವು ಜಾರಿಗೆ ಬಂದ ಮೇಲೆ ರಾಜ್ಯದ ಶಾಸನಸಭೆಯ ಅನುಮತಿಯಿಲ್ಲದೆ ಬೊಕ್ಕಸದಿಂದ ಕಾಸನ್ನೂ ತೆಗೆಯುವಂತಿಲ್ಲ. ಮಂತ್ರಿಗಳು ಪ್ರಶ್ನೆಗೆ ಉತ್ತರ ಹೇಳಬೇಕು. ಸಭೆಯ ವಿಶ್ವಾಸವನ್ನು ಕಳೆದುಕೊಂಡರೆ ಇಳಿಯಬೇಕು. ಸಾಲದ ವಿಷಯದಲ್ಲಿ ೧೯೭೬ರ ಕರ್ನಾಟಕ ಋಣಪರಿಹಾರ ಶಾಸನವು ಬಡ ರೈತರನ್ನೂ ಕೂಲಿಗಾರರನ್ನೂ ಉದ್ದೇಶಿಸಿ, ೧೯೨೮ರದು ತಲಪದ ಆಳಕ್ಕೆ ಇಳಿಯಿತು. ಹೀಗಿದ್ದರೂ ಸಾಲಮನ್ನಾ, ನೌಕರರ ವೇತನ, ಸರಕಾರದ ವೆಚ್ಚ ಎಂಬ ಮೂರು ಮಾತುಗಳು ಪ್ರತಿ ಆಯವ್ಯಯದ ಅಧಿವೇಶನದಲ್ಲಿಯೂ ಮರಳಿ ಮರಳಿ ಕೇಳಿಬರುತ್ತಲೇ ಇವೆ. ಒಂದಕ್ಕೆ ಕೊಟ್ಟುದನ್ನು ಇನ್ನೊಂದರಿಂದ ತೆಗೆಯಬೇಕಾಗಿರುವವರೆಗೂ ಅವು ನಿಲ್ಲತಕ್ಕವಲ್ಲ. ಹಿಂದಣ ಸಭೆಯವರಿಗೆ ಕೇಳುವುದಕ್ಕೆ ಎಡೆಯಿತ್ತು, ಮಾಡಿಸುವುದಕ್ಕೆ ಬಲವಿರಲಿಲ್ಲ. ಈಗ ಬಲವುಂಟು. ಆ ಬಲವನ್ನು ಹೊಂದಿದವರು, ಸಭೆಯೊಳಗೆ ಇಲ್ಲದ ಋಣಿಯ ಮಾತನ್ನೂ ತಮ್ಮದೇ ಎಂಬಂತೆ ಕೇಳಬಲ್ಲರೆ ಎಂಬುದು ೧೮೮೧ರಲ್ಲಿ ಹುಟ್ಟಿ ಇನ್ನೂ ಉತ್ತರವನ್ನು ಕಾಯುತ್ತಿರುವ ಪ್ರಶ್ನೆ.